ಅಫಜಲಪುರದ ಮೈದಾನದಲ್ಲಿ ನಾನು ಹಿಡಿದು ಕೂತದ್ದು

ತಂಡದ ಜೊತೆ ಹೋಗುವ ಹೆಣ್ಣುಮಗಳಿಗೆ ಮೈದಾನದಲ್ಲಿ ಕುರ್ಚಿ ಇರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ಈ ಕೆಲಸಕ್ಕೆ ಸೇರಿದ ಹುಡುಗಿಯರು ಊಟ, ಬಸ್ಸು, ರಜೆ ಎಲ್ಲ ಕೇಳುತ್ತಾರೆ, ಎಲ್ಲಿ ಕೂಡಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹಳೆಯ ಸೀರೆ ಒಂದು ಒಯ್ಯಿರಿ. ಕೂಡಲಿಕ್ಕೂ ಆಗುತ್ತದೆ, ಕಾಲಿಗೆ ಪೆಟ್ಟಾದರೆ ಹರಿದು ಕಟ್ಟಲಿಕ್ಕೂ ಆಗುತ್ತದೆ.

ನಾನು ಮೂಲತಃ ಮನೆವಾರ್ತೆಯ ಹೆಂಗಸು. ಆಳಂದದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಜವಾನಳ ಕೆಲಸ ಮಾಡಿದೆ. ಗಂಟೆ ಬಾರಿಸುವುದು, ನೀರು ತುಂಬುವುದು, ಕಸ ಗುಡಿಸುವುದು, ಇವೆಲ್ಲ ಮನೆಯ ಕೆಲಸವೇ, ಅಂಗಳ ಮಾತ್ರ ದೊಡ್ಡದು. ಆದರೆ ಆಟದ ದಿನಗಳು ಬಂದವೆಂದರೆ ಬೇರೆಯದೇ ಕೆಲಸ. ಹೆಣ್ಣುಮಕ್ಕಳ ತಂಡ ಊರು ಬಿಟ್ಟು ಹೋದರೆ ಜೊತೆಗೆ ಒಬ್ಬ ಹೆಂಗಸು ಇರಲೇಬೇಕು ಎಂಬ ನಿಯಮ. ಪಾಠ ಹೇಳುವ ಬಾಯಾರಿಗೆ ಮನೆಯಲ್ಲಿ ಸಣ್ಣ ಮಕ್ಕಳು. ನಮ್ಮ ಹೆಡ್‌ಮಿಸ್ಟ್ರೆಸ್, ಅವರನ್ನು ನಾವು ದೊಡ್ಡ ಬಾಯಾರು ಅನ್ನುತ್ತಿದ್ದೆವು, ಕನ್ನಡಕದ ಮೇಲಿಂದ ನೋಡಿ, "ಗುರಮ್ಮನ್ನ ಕಳಸ್ರಿ. ಆಕಿ ಜೋಡಿ ಹೋದ್ರ ಹುಡುಗ್ಯಾರು ಉಪವಾಸ ಬರಂಗಿಲ್ಲ" ಎಂದರು. ಹಾಗೆ ಶುರುವಾದದ್ದು.

ಉಪವಾಸ ಬರುವುದಿಲ್ಲ ಎಂದ ಅವರ ಮಾತನ್ನು ನಾನು ಮೊದಲ ಸಲವೇ ಸುಳ್ಳು ಮಾಡಿದೆ. ಜೇವರ್ಗಿಯಲ್ಲಿ ಖೋ ಖೋ ಪಂದ್ಯ. ಹನ್ನೆರಡು ಹುಡುಗಿಯರಿಗೆ ಎರಡು ದಿನಕ್ಕಾಗುವಷ್ಟು ಕಟಕ ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿ ಬಸ್ಸಿನ ಮೇಲೆ ಹಾಕಿಸಿದ್ದೆ. ಜೇವರ್ಗಿಯಲ್ಲಿ ಇಳಿದು ಹುಡುಗಿಯರನ್ನು ಎಣಿಸಿದೆ. ಹನ್ನೆರಡು, ಬರೋಬ್ಬರಿ. ಗಂಟನ್ನು ಎಣಿಸಲಿಲ್ಲ. ಬಸ್ಸು ರೊಟ್ಟಿ ಸಮೇತ ಮುಂದೆ ಹೋಯಿತು. ಬಸ್ ಸ್ಟ್ಯಾಂಡಿನಲ್ಲಿ ನಾನು ತಲೆಗೆ ಕೈ ಹೊತ್ತು ನಿಂತದ್ದನ್ನು ಕಂಡು ಗುರುತಿಲ್ಲದ ಒಬ್ಬ ಹೆಣ್ಣುಮಗಳು, "ಯಾಕ ಬೇ, ಏನ್ ಕಳಕೊಂಡಿ?" ಎಂದಳು. ಹೇಳಿದೆ. "ರೊಟ್ಟಿ ಅಷ್ಟ ಹೌದಿಲ್ಲೋ? ಹುಡುಗ್ಯಾರು ಅದಾರಲ್ಲ?" ಎಂದು ನಕ್ಕು, ಓಣಿಯ ನಾಲ್ಕು ಮನೆಯಿಂದ ಬಿಸಿ ರೊಟ್ಟಿ, ಪುಂಡಿಪಲ್ಯ ಕೂಡಿಸಿ ತಂದಳು. ಸಂಜೆ ಲಿಂಗಪೂಜೆ ಮುಗಿದ ಮೇಲೆ ಆ ದಿನ ದೇವರು ಕೊಟ್ಟದ್ದನ್ನು ಬೆರಳಿನಲ್ಲಿ ಎಣಿಸುವ ರೂಢಿ ನನ್ನದು. ಅವತ್ತು ಆ ನಾಲ್ಕು ಮನೆಗೆ ನಾಲ್ಕು ಬೆರಳು ಹೋದವು. ಐದನೆಯದು ಊರಿಗೆ ತಿರುಗಿ ಬಂದ ಮೇಲೆ ಹೋಯಿತು: ಹುಡುಗಿಯರಲ್ಲಿ ಯಾರೂ ಈ ಸುದ್ದಿಯನ್ನು ದೊಡ್ಡ ಬಾಯಾರಿಗೆ ಹೇಳಲಿಲ್ಲ.

ಇನ್ನೊಂದು ಮಾತು. ಇದನ್ನು ಯಾವ ಆದೇಶದ ಕಾಗದದಲ್ಲೂ ಬರೆದಿರುವುದಿಲ್ಲ. ಹುಡುಗಿಯರು ಪಂದ್ಯದ ದಿನವೇ ಹೊರಗಾಗುತ್ತಾರೆ. ಮೂಲೆಯಲ್ಲಿ ಮುಖ ಮುಚ್ಚಿಕೊಂಡು ನಿಲ್ಲುತ್ತಾರೆ. ಮೆತ್ತನೆಯ ಹಳೆಯ ಅರಿವೆ ಚೀಲದಲ್ಲಿರಲಿ, ಬೈಗುಳ ನಾಲಿಗೆಯ ಮೇಲೆ ಇರದಿರಲಿ. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ನಮ್ಮತ್ತೆ ನನಗೆ ಮದುವೆಯಾದ ಹೊಸದರಲ್ಲೇ ಹೇಳಿದ್ದರು. ಅದನ್ನೇ ನಾನು ಎಲ್ಲ ಜಾತಿಯ ಹುಡುಗಿಯರಿಗೂ ನನ್ನ ಮಾತಿನಲ್ಲಿ ಹೇಳುತ್ತಿದ್ದೆ: "ದೇವರಿಗೆ ಗೊತ್ತಿಲ್ಲದ್ದೇನಲ್ಲ ಇದು, ಹೋಗಿ ಆಡು."

ಕಬಡ್ಡಿ, ಖೋ ಖೋ, ಥ್ರೋಬಾಲ್, ಇಷ್ಟರಲ್ಲೇ ನನ್ನ ಹೆಚ್ಚಿನ ವರ್ಷಗಳು ಕಳೆದವು. ಮೊದಮೊದಲು ಪಂದ್ಯದ ದಿನ ಪೋಸ್ಟ್ ಕಾರ್ಡಿನಲ್ಲಿ ಬರುತ್ತಿತ್ತು. ಎಷ್ಟೋ ಸಲ ಪಂದ್ಯ ಮುಗಿದ ಮೇಲೆ ಕಾರ್ಡು ಬಂದದ್ದುಂಟು. ಆಮೇಲೆ ಶಾಲೆಗೆ ಫೋನ್ ಬಂತು. ಫೋನಿನ ಜೊತೆಗೇ ಅನ್ನುವ ಹಾಗೆ ಮಕ್ಬೂಲ್ ಸರ್ ಬಂದರು.

ಮಕ್ಬೂಲ್ ಸರ್ ನಮ್ಮ ಪಿ.ಟಿ. ಮಾಸ್ತರರು. ತೆಳ್ಳಗಿನ ಮನುಷ್ಯ, ಕೊರಳಲ್ಲಿ ಸೀಟಿ, ಜೇಬಿನಲ್ಲಿ ಮಡಿಸಿದ ಪೇಪರು. ಅಮೆರಿಕದಲ್ಲಿ ಒಲಿಂಪಿಕ್ಸ್ ನಡೆದ ತೊಂಬತ್ತಾರರ ಮಳೆಗಾಲ. ಒಂದು ಬೆಳಿಗ್ಗೆ ಅವರು ದೊಡ್ಡ ಬಾಯಾರ ಕೋಣೆಗೆ ಪೇಪರು ಬಿಚ್ಚಿಕೊಂಡೇ ಬಂದರು. ನಾನು ಅಲ್ಲಿ ಚಹಾ ಇಡುತ್ತಿದ್ದೆ.

"ಬಾಯಾರ, ಇದ ನೋಡ್ರಿ. ಒಲಿಂಪಿಕ್ಸ್‌ದಾಗ ಈ ಸಲ ಹೆಣ್ಮಕ್ಕಳ ಫುಟ್‌ಬಾಲ್ ಐತಿ. ಪಹಿಲಾ ಸಲ. ಎಂಟು ದೇಶದವರು."

"ಛಲೋ ಆತು. ನಮಗೇನ್ರಿ ಅದರಾಗ?"

"ನಮ್ಮ ಶಾಲ್ಯಾಗ ಒಂದು ತಂಡ ಮಾಡೋಣು. ಅಫಜಲಪುರ, ಜೇವರ್ಗಿ ಮಾಸ್ತರರಿಗೆ ಫೋನ್ ಹಚ್ಚೀನಿ. ಅವರೂ ಹೂಂ ಅಂದಾರ. ಮೂರು ತಾಲೂಕು, ಮೂರು ತಂಡ."

ದೊಡ್ಡ ಬಾಯಾರು ಪೇಪರಿನ ಫೋಟೋ ನೋಡಿದರು. ಚಡ್ಡಿ ಹಾಕಿಕೊಂಡ ಹುಡುಗಿಯೊಬ್ಬಳು ಗಾಳಿಯಲ್ಲಿ ಕಾಲೆತ್ತಿದ್ದಳು. "ಚಡ್ಡಿ ಗಿಡ್ಡಿ ನಡೆಯಂಗಿಲ್ಲ ನೋಡ್ರಿ, ಮೊದಲ ಹೇಳಾಕತ್ತೇನಿ" ಎಂದರು. ಅಷ್ಟೇ ಅಂದದ್ದು. ಬೇಡ ಅನ್ನಲಿಲ್ಲ. ದಪ್ಪ ಅರಿವೆಯ ಪಾಯಜಾಮ, ಮೇಲೆ ಉದ್ದ ತೋಳಿನ ಅಂಗಿ ಎಂದು ತೀರ್ಮಾನವಾಯಿತು. ಹೊಲಿಯುವ ಕೆಲಸ ನನ್ನ ಪಾಲಿಗೆ ಬಂತು.

ಆ ದಿನಗಳಲ್ಲಿ ಒಲಿಂಪಿಕ್ಸ್ ತೋರಿಸುವ ಹೊತ್ತಿಗೆ ಹುಡುಗಿಯರೆಲ್ಲ ದೊಡ್ಡ ಬಾಯಾರ ಮನೆಯ ಪಡಸಾಲೆಯಲ್ಲಿ ಟಿ.ವಿ. ಮುಂದೆ ಕೂಡುತ್ತಿದ್ದರು. ಓಟ ಬಂತು, ಹಾಕಿ ಬಂತು, ಈಜು ಬಂತು. ನಾವು ಕೂತಾಗ ಒಂದು ಸಲವೂ ಹೆಣ್ಣುಮಕ್ಕಳ ಫುಟ್‌ಬಾಲ್ ಬರಲಿಲ್ಲ. ಪೇಪರಿನ ಮೂಲೆಯಲ್ಲಿ ಎರಡು ಸಾಲು ಬಂದರೆ ಸರ್ ಅದನ್ನೇ ಕತ್ತರಿಸಿ ಕರಿಹಲಗೆಗೆ ಅಂಟಿಸುತ್ತಿದ್ದರು. ಕೊನೆಗೆ ಅಮೆರಿಕದವರು ಚೀನಾದವರನ್ನು ಸೋಲಿಸಿದರು ಎಂದು ತಿಳಿಯಿತು. ನಮ್ಮ ಹುಡುಗಿಯರು ನೋಡದೇ ಇದ್ದ ಆ ಆಟವನ್ನು ತಾವೇ ಆಡಿ ನೋಡಿದರು. ಶಾಲೆಯ ಹಿಂದೆ ಐದು ಜನ ಅಮೆರಿಕ, ಐದು ಜನ ಚೀನಾ. ದಿನವೂ ಚೀನಾ ಗೆಲ್ಲುತ್ತಿತ್ತು, ಯಾಕೆಂದರೆ ಚೀನಾದ ಗೋಲಿನಲ್ಲಿ ಸುವರ್ಣಾ ನಿಂತಿರುತ್ತಿದ್ದಳು.

ಸುವರ್ಣಾ ಒಂಬತ್ತನೆಯ ಇಯತ್ತೆಯ ಹುಡುಗಿ, ಆಳಂದದ ಹತ್ತಿರದ ಹಳ್ಳಿಯವಳು. ಉದ್ದ ಕೈ, ಕಡಿಮೆ ಮಾತು. ತಾಯಿ ತಂದೆ ಇಲ್ಲ, ಸಾಕಿದವಳು ಆಯಿ, ಅಂದರೆ ಅಜ್ಜಿ, ಕಾಶವ್ವ. ಊರು ಬಿಟ್ಟು ಆಡಲು ಕಳಿಸಬೇಕಾದರೆ ಮನೆಯವರ ಒಪ್ಪಿಗೆ ಬೇಕು. ಕೇಳಲು ನಾನೇ ಹೋದೆ. ಕಾಶವ್ವ ಆಯಿ ಕಟ್ಟೆಯ ಮೇಲೆ ಕೂತು ಕೌದಿ ಹೊಲಿಯುತ್ತಿದ್ದಳು. ಸೂಜಿಯಿಂದ ಕಣ್ಣೆತ್ತಲಿಲ್ಲ.

"ಕಾಲಿಲೆ ಒದಿಯೋ ಆಟ ಏನು?"

"ಹೌದ್ರಿ ಆಯಿ. ಆದ್ರ ನಿಮ್ಮ ಸುವರ್ಣಾ ಒದಿಯಂಗಿಲ್ಲ. ಕೈಲೆ ಹಿಡೀತಾಳ."

"ಹಿಡಿಯೋದಾದ್ರ ಆತು." ಆಮೇಲೆ ಸೂಜಿ ನಿಲ್ಲಿಸಿದಳು. "ಒಂದ ಮಾತು. ಆಕಿ ಕೊರಳಾಗಿನ ಲಿಂಗ ಅಗಲಬಾರದು. ಅಗಲಿದ್ರ ತಿರುಗಿ ಕಟ್ಟಿಕೊಳ್ಳೋತನಕ ಆ ಕೂಸು ನೀರು ಸುದ್ದಾ ಮುಟ್ಟಂಗಿಲ್ಲ. ಹಂಗ ಬೆಳಸೀನಿ. ನಿನ್ನ ಮ್ಯಾಲ ಬಿಟ್ಟೇನಿ ನೋಡು, ಗುರಮ್ಮ."

ನಾನೂ ಲಿಂಗ ಕಟ್ಟಿದವಳು. ಆ ಮಾತಿನ ತೂಕ ನನಗೆ ಗೊತ್ತಿತ್ತು. "ಫಿಕರ್ ಮಾಡಬ್ಯಾಡ್ರಿ ಆಯಿ" ಎಂದು ಹೇಳಿ ಬಂದೆ.

ಪಂದ್ಯ ಅಫಜಲಪುರದಲ್ಲಿ, ಶ್ರಾವಣದಲ್ಲಿ. ಮಳೆ ಬಿಡುವು ಕೊಟ್ಟು ಬಿಸಿಲು ಚುರುಗುಡುತ್ತಿತ್ತು. ಬೆಳಿಗ್ಗೆ ಜೇವರ್ಗಿಯವರ ಮೇಲೆ, ಸಂಜೆ ನಾಲ್ಕಕ್ಕೆ ಅಫಜಲಪುರದವರ ಮೇಲೆ ನಮ್ಮ ಆಟ. ಕಲಬುರ್ಗಿಯಿಂದ ಬಂದಿದ್ದ ರೆಫರಿ ಆಟ ಶುರುವಾಗುವ ಮೊದಲು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಬಳೆ, ಸರ, ಉಂಗುರ ತೆಗೆಸಿದರು. ಶಬಾನಾ ಎಂಬ ನಮ್ಮ ಹುಡುಗಿ ಕೊರಳಿನ ತಾಯತ ಬಿಚ್ಚಿ ನನ್ನ ಕೈಯಲ್ಲಿಟ್ಟಳು. ಸುವರ್ಣಾಳ ಕೊರಳಿನ ದಾರ ಕಂಡು ರೆಫರಿ ನಿಂತರು. ದಾರದ ಕೊನೆಗೆ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ.

"ಇದು ಬಿಚ್ಚಬೇಕವ್ವ. ಗೋಲಿನ್ಯಾಗ ನಿಲ್ಲಾಕಿ ನೀ. ಬೀಳ್ತಿ, ಏಳ್ತಿ. ದಾರ ಕೊರಳಿಗೆ ಬಿಗಿದ್ರ ಏನ ಗತಿ?"

ಸುವರ್ಣಾ ಎರಡೂ ಕೈಯಿಂದ ಕರಡಿಗೆ ಮುಚ್ಚಿಕೊಂಡಳು. ಮಕ್ಬೂಲ್ ಸರ್ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. "ಗುರಮ್ಮನವರ, ಇದು ನಾ ಹೇಳೋ ಮಾತಲ್ರಿ. ಬಿಚ್ಚು ಅಂತ ನಾ ಅನ್ನಂಗಿಲ್ಲ. ನೀವ ಏನರ ನೋಡ್ರಿ. ಐದು ಮಿನಿಟ್ ಕೊಟ್ಟಾರ."

ಗೋಲಿನಲ್ಲಿ ನಿಲ್ಲಲು ಬೇರೆ ಹುಡುಗಿ ಇರಲಿಲ್ಲ. ಹತ್ತು ಜನ ನನ್ನ ಮುಖ ನೋಡುತ್ತಿದ್ದರು. ಐದು ಮಿನಿಟಿನಲ್ಲಿ ಬಂದ ಬುದ್ಧಿ ಎಷ್ಟಿರುತ್ತದೆ? "ನನ್ನ ಕೈಯಾಗ ಕೊಡು ಯವ್ವಾ" ಎಂದೆ. "ನಾ ಎದಿಗೆ ಹಿಡಕೊಂಡು ಕೂಡ್ತೇನಿ. ನೆಲ ಮುಟ್ಟಸಂಗಿಲ್ಲ. ಅರ್ಧ ಆಟಕ್ಕ ಬಿಡ್ತಾರಲ್ಲ, ಆಗ ಕಟ್ಟಿಕೊಂಡು ನೀರು ಕುಡಿ." ಅವಳು ಕರಡಿಗೆಯನ್ನು ಕಣ್ಣಿಗೆ ಒತ್ತಿಕೊಂಡಳು. ಬಿಚ್ಚಿ ಕೊಟ್ಟಳು.

ನಾನು ಹಿಡಿದೇ ಕೂತಿದ್ದೆ, ಎರಡೂ ಕೈಯಲ್ಲಿ, ಎದೆಗೆ ಒತ್ತಿ. ಹುಡುಗಿಯರು ಓಡಿದರು, ಬಿದ್ದರು, ಕೂಗಿದರು. ಸುವರ್ಣಾ ಮೂರು ಸಲ ಚೆಂಡು ಹಿಡಿದಳು. ಅರ್ಧ ಆಟಕ್ಕೆ ಸೀಟಿ ಆಯಿತು. ಅದೇ ಹೊತ್ತಿಗೆ ಶಬಾನಾ ಕುಂಟುತ್ತಾ ಬಂದಳು. ಹೆಬ್ಬೆರಳಿನ ಉಗುರು ಕಿತ್ತು ರಕ್ತ ಸುರಿಯುತ್ತಿತ್ತು. ಕರಡಿಗೆಯನ್ನು ಸೆರಗಿನಲ್ಲಿ ಗಂಟು ಹಾಕಿ ಎದೆಯೊಳಗೆ ಸಿಕ್ಕಿಸಿಕೊಂಡು ಅವಳ ಕಾಲು ತೊಳೆದೆ, ಅರಿವೆ ಹರಿದೆ, ಕಟ್ಟಿದೆ. ಗಂಟು ಬಿಗಿಯುವಷ್ಟರಲ್ಲಿ ಮತ್ತೆ ಸೀಟಿ. ಹುಡುಗಿಯರು ಒಳಗೆ ಓಡಿದರು. ಯಾರೋ, "ಸುವರ್ಣಾ ನೀರು ಬ್ಯಾಡಂದ್ಲರಿ" ಎಂದದ್ದು ಕಿವಿಗೆ ಬಿತ್ತು. ಬಿತ್ತು ಅಷ್ಟೇ, ಒಳಗಿಳಿಯಲಿಲ್ಲ.

ಆಟ ಮುಗಿಯಲು ಸ್ವಲ್ಪ ಹೊತ್ತಿತ್ತು. ಜೇವರ್ಗಿಯ ಹುಡುಗಿಯೊಬ್ಬಳು ಚೆಂಡನ್ನು ಮೆಲ್ಲಗೆ ತಳ್ಳಿದಳು. ಸಣ್ಣ ಕೂಸು ಹಿಡಿಯುವಂಥ ಚೆಂಡು. ಸುವರ್ಣಾ ಬಗ್ಗಿದಳು. ಬಗ್ಗಿದವಳು ಹಾಗೆಯೇ ನೆಲಕ್ಕೆ ಕೂತುಬಿಟ್ಟಳು. ಚೆಂಡು ಅವಳ ಪಕ್ಕದಿಂದ ಉರುಳಿ ಒಳಗೆ ಹೋಯಿತು. ಮಕ್ಬೂಲ್ ಸರ್ ಚೊಂಬು ಹಿಡಿದು ಓಡಿದರು. ಅವಳು ತಲೆ ಅಲ್ಲಾಡಿಸಿದಳು, ತುಟಿ ಬಿಗಿದಿತ್ತು. "ಯಾಕ ಕುಡಿಯಾಕ ಒಲ್ಲಿ? ಕುಡಿ ಬೇಟಾ!" ಎಂದು ಅವರು ಅಂಗಲಾಚುತ್ತಿದ್ದರು. ಆ ಮೈದಾನದಲ್ಲಿ ಅದು ಯಾಕೆಂದು ಗೊತ್ತಿದ್ದವರು ಇಬ್ಬರೇ. ಅವಳು, ಮತ್ತು ನಾನು.

ರೆಫರಿ ಕರೆಯದೆ ಹೊರಗಿನವರು ಮೈದಾನದೊಳಗೆ ಕಾಲಿಡಬಾರದು. ನೀವು ಯಾರೂ ಇಡಬೇಡಿ. ನಾನು ಇಟ್ಟೆ. ಸೆರಗಿನ ಗಂಟು ಬಿಚ್ಚುತ್ತಲೇ ಓಡಿದೆ. "ಏ ಅವ್ವಾ, ಹೊರಗ ನಡೀರಿ!" ಎಂದು ರೆಫರಿ ಸೀಟಿಯ ಮೇಲೆ ಸೀಟಿ ಊದುತ್ತಿದ್ದರು. ಸುವರ್ಣಾಳ ಕೊರಳಿಗೆ ದಾರ ಕಟ್ಟಿ, ಚೊಂಬು ತುಟಿಗೆ ಹಿಡಿದೆ. ಗಟಗಟನೆ ಚೊಂಬು ಬರಿದು ಮಾಡಿದಳು.

"ಯಾಕ ಕೇಳಲಿಲ್ಲ ಬೇ ನೀ? ಇಲ್ಲೇ ಕೂತಿದ್ನೆಲ್ಲ!"

"ನಿಮ್ಮ ಕೈಯಾಗ ಐತೆಲ್ರಿ. ನೀವ ತಂದು ಕೊಡ್ತೀರಿ ಅಂದ್ಕೊಂಡೆ."

ಆಟ ಇನ್ನೂ ಮುಗಿದಿಲ್ಲ ಎಂದು ಅಷ್ಟರಲ್ಲಿ ಯಾರೋ ನನ್ನನ್ನು ಎಳೆದುಕೊಂಡು ಹೋದರು. ಕೊರಳಿಗೆ ಲಿಂಗ ಕಟ್ಟಿಕೊಂಡ ಸುವರ್ಣಾಳ ಬದಲು, ಉಗುರು ಕಿತ್ತ ಶಬಾನಾಳನ್ನೇ ಗೋಲಿನಲ್ಲಿ ನಿಲ್ಲಿಸಿದರು. ಎರಡು ಗೋಲಿನಿಂದ ಸೋತೆವು.

ಊಟಕ್ಕೆ ಬೇವಿನ ಮರದ ಕೆಳಗೆ ಕೂತೆವು. ಸುವರ್ಣಾ ರೊಟ್ಟಿ ತಿಂದಳು, ಮುಖಕ್ಕೆ ಮತ್ತೆ ಕಳೆ ಬಂತು. "ಸಂಜಿಗೆ ನಾ ಇನ್ನೊಮ್ಮೆ ಬಿಚ್ಚಂಗಿಲ್ರಿ" ಎಂದಳು ಅವಳು, ಸಿಟ್ಟಿಲ್ಲದೆ. "ಆಡೂದ ಬಿಡ್ತೇನಿ. ಆಯಿ ಮುಂದ ಸುಳ್ಳು ಹೇಳಾಕ ಬರಂಗಿಲ್ಲ ನನಗ."

ಇವತ್ತು ಬಿಟ್ಟರೆ ಇವಳು ಆಟವನ್ನೇ ಪೂರ್ತಿ ಬಿಡುತ್ತಾಳೆ ಎಂದು ನನಗೆ ಗೊತ್ತಾಯಿತು. ಹಣೆಗೆ ವಿಭೂತಿ ಹಚ್ಚಿಕೊಂಡು ಕಣ್ಣು ಮುಚ್ಚಿದೆ. ನಮ್ಮತ್ತೆ ನೆನಪಾದರು. ಹೊಲದ ಕೆಲಸದ ದಿನಗಳಲ್ಲಿ ಅವರು ಕರಡಿಗೆ ಮನೆಯಲ್ಲಿಟ್ಟು ಲಿಂಗವನ್ನು ಅರಿವೆಯಲ್ಲಿ ಸುತ್ತಿ ಕಂಕುಳ ಹತ್ತಿರ ಕಟ್ಟಿಕೊಳ್ಳುತ್ತಿದ್ದರು. ನಾನು ಕೇಳಿದ್ದಕ್ಕೆ, "ತಲಿ, ಕೊರಳು, ಕಂಕುಳ, ಎದಿ, ಅಂಗೈ ಎಲ್ಲಾದ್ರೂ ನಡೀತದ. ಹೊಕ್ಕಳದ ಕೆಳಗ ಬರಬಾರದು. ಬೆಳ್ಳಿ ಕರಡಿಗಿ ನಮ್ಮ ಹೌಸಿಗೆ, ಚಂದಕ್ಕ, ಶಿವಗ ಅಲ್ಲ" ಎಂದಿದ್ದರು. ಈ ಮಾತು ಬೆಳಿಗ್ಗೆ ಆ ಐದು ಮಿನಿಟಿನಲ್ಲಿ ಎಲ್ಲಿ ಹೋಗಿತ್ತೋ!

ನನ್ನ ಪೂಜೆಯ ಬಿಳಿ ಅರಿವೆ ಹರಿದೆ. ಸುವರ್ಣಾ ಕೈಕಾಲು ತೊಳೆದು, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಿ, ತಾನೇ ಅರಿವೆಯಲ್ಲಿ ಸುತ್ತಿದಳು. ಎಡತೋಳಿನ ಮೇಲ್ಭಾಗದಲ್ಲಿ, ಕಂಕುಳಿಗೆ ತಾಗುವಂತೆ ಇಟ್ಟು, ಮೇಲೆ ಕೆಳಗೆ ಹತ್ತಿಯ ಮೆತ್ತೆ ಕೊಟ್ಟು, ಅಗಲ ಪಟ್ಟಿ ಸುತ್ತಿ ಅಲ್ಲಿಯೇ ಹೊಲಿದೆ. ಶಬಾನಾ ದಾರವನ್ನು ಹಲ್ಲಿನಿಂದ ಕಡಿದು ಕೊಟ್ಟಳು. "ಏ, ಈಕಿಗೂ ಕ್ಯಾಪ್ಟನ್ ಪಟ್ಟಿ! ನಮ್ಮ ತಂಡಕ್ಕ ಇಬ್ಬರು ಕ್ಯಾಪ್ಟನ್!" ಎಂದು ಹುಡುಗಿಯರು ನಕ್ಕರು. ಬೆಳಗಿನಿಂದ ಅದೇ ಮೊದಲ ನಗು. ನಗುವಾಗ ಶಬಾನಾಳ ಕೈ ತನ್ನ ಬರಿಗೊರಳಿಗೆ ಹೋಗಿ ಬಂದದ್ದನ್ನು ನೋಡಿದೆ. ಅವಳ ತಾಯತ ನನ್ನ ಚೀಲದಲ್ಲಿತ್ತು. ಅವಳಿಗೂ ಒಂದು ಪಟ್ಟಿ ಹೊಲಿಯಲು ಅರಿವೆ ಉಳಿದಿರಲಿಲ್ಲ, ಹೊತ್ತೂ ಇರಲಿಲ್ಲ.

ರೆಫರಿ ಪಟ್ಟಿಯನ್ನು ಒತ್ತಿ ನೋಡಿದರು, ಸುತ್ತ ಬೆರಳಾಡಿಸಿದರು. ದಾರವಿಲ್ಲ, ಲೋಹವಿಲ್ಲ. "ನಮ್ಮ ಮನ್ಯಾಗೂ ಲಿಂಗ ಐತ್ರಿ ಅವ್ವಾ. ಬಿಚ್ಚು ಅಂತ ಅನ್ನಬೇಕಾದ್ರ ನನಗೂ ಜೀವ ಹಿಂಡಿತು. ಬೆಳಿಗ್ಗೇನ ಹಿಂಗ ಮಾಡಿದ್ರ ಆಗ್ತಿದ್ದಿಲ್ಲೇನು?"

"ಬೆಳಿಗ್ಗೆ ಬುದ್ಧಿ ಇನ್ನಾ ಬಂದಿದ್ದಿಲ್ರಿ ಸರ್" ಎಂದೆ. ಅವರೂ ನಕ್ಕರು.

ಸಂಜೆಯ ಆಟದಲ್ಲಿ ಅಫಜಲಪುರದ ಕಡೆ ಸೊನ್ನ ಎಂಬ ಊರಿನ ಹುಡುಗಿಯೊಬ್ಬಳಿದ್ದಳು. ಅವಳು ಒದ್ದರೆ ಚೆಂಡು ಸಿಡಿದು ಬರುತ್ತಿತ್ತು. ಆರೋ ಏಳೋ ಸಲ ಒದ್ದಳು. ಸುವರ್ಣಾ ಎದೆಗೊಟ್ಟು ಹಿಡಿದಳು, ಮಣ್ಣಿನಲ್ಲಿ ಉರುಳಿ ಹಿಡಿದಳು. ಬಿದ್ದಾಗಲೆಲ್ಲ ಎಡತೋಳನ್ನು ಮೇಲೆತ್ತಿಯೇ ಬೀಳುತ್ತಿದ್ದಳು. ಯಾರೂ ಗೋಲು ಹೊಡೆಯಲಿಲ್ಲ. ಆಟ ಸಮಸಮ ಆಯಿತು. ಮೂರು ತಂಡಗಳಲ್ಲಿ ನಾವು ಮೂರನೆಯವರಾಗಿ ಊರಿಗೆ ಹೊರಟೆವು.

ಗಾಣಗಾಪುರದಿಂದ ಬಂದ ಬಸ್ಸು ದತ್ತನ ದರ್ಶನ ಮುಗಿಸಿದ ಭಕ್ತರಿಂದ ತುಂಬಿತ್ತು. ಆದರೂ ಹುಡುಗಿಯರಿಗೆ ಸೀಟು ಬಿಟ್ಟುಕೊಟ್ಟರು, ಅದಕ್ಕೆ ಒಂದು ಬೆರಳು. ಸುವರ್ಣಾ ಕಿಟಕಿಯ ಹತ್ತಿರ ಕೂತು ಕೇಳಿದಳು, "ಸರ್, ಅಮೆರಿಕಾದಾಗ ಆಡಿದ್ರಲ್ಲ, ಅವರಿಗೂ ಹಿಂಗ ಬಿಚ್ಚಿಸಿರಬೇಕೇನ್ರಿ? ಯಾರ ಕೈಯಾಗ ಕೊಟ್ಟಿರಬೇಕು?"

"ಕಾನೂನು ಎಲ್ಲಾರಿಗೂ ಒಂದ" ಎಂದರು ಸರ್.

"ಅವರ ಜೋಡಿನೂ ನನ್ನಂಥಾಕಿ ಒಬ್ಬಾಕಿ ಹೋಗಿರ್ತಾಳ" ಎಂದೆ ನಾನು.

"ಆಕಿ ನೀರು ಕೊಟ್ಟಿರ್ತಾಳ" ಎಂದಳು ಶಬಾನಾ. ಬಸ್ಸೆಲ್ಲ ತಿರುಗಿ ನೋಡುವ ಹಾಗೆ ಹುಡುಗಿಯರು ನಕ್ಕರು. ನಾನೂ ನಕ್ಕೆ. ಆದರೆ ಮರುದಿನ ಹೋಗಬೇಕಾಗಿದ್ದ ಆಯಿಯ ಕಟ್ಟೆಯೇ ಕಣ್ಣ ಮುಂದೆ ಇತ್ತು.

ಮರುದಿನ ಹೋದೆ. ಕಾಶವ್ವ ಆಯಿಯ ಮುಂದೆ ನಿಂತೇ ಎಲ್ಲ ಹೇಳಿದೆ. ಬೆಳಿಗ್ಗೆ ನಾನೇ ಬಿಚ್ಚಿಸಿದ್ದು, ಹಿಡಿದು ಕೂತದ್ದು, ಮರೆತದ್ದು, ಕೂಸು ನೆಲಕ್ಕೆ ಕೂತದ್ದು, ಆಮೇಲಿನ ಪಟ್ಟಿ, ಶಬಾನಾಳ ತಾಯತ, ಯಾವುದನ್ನೂ ಬಿಡಲಿಲ್ಲ. ಆಯಿ ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟು ಕೇಳಿದಳು.

"ಲಿಂಗ ನೆಲ ಮುಟ್ಟಿತೇನು?"

"ಇಲ್ರಿ. ನನ್ನ ಎದಿ ಮ್ಯಾಲೇ ಇತ್ತು."

"ಅಂದ್ರ ಅದಕ್ಕೇನೂ ಆಗಿಲ್ಲ. ಒಬ್ಬ ಶರಣೆ ಎದಿ ಬಿಟ್ಟು ಇನ್ನೊಬ್ಬಾಕಿ ಎದಿ ಮ್ಯಾಲ ಕೂತಿತ್ತು." ನಂತರ ಅವಳ ದನಿ ಏರಿತು. "ಆದ್ರ ಕೂಸು! ಬಿಸಲಾಗ ಬಾಯಿ ಒಣಗಿಸಿಕೊಂಡು ನಿಂತಿತ್ತಲ್ಲ, ಆ ಕೂಸು? ಹಡದಾಕಿ ಹೌದಿಲ್ಲೋ ನೀನು? ನೀರು ಕುಡಿಸಬೇಕು ಅಂತ ನೆನಪಾಗಲಿಲ್ಲೇನು ನಿನಗ?"

ಇಪ್ಪತ್ತು ವರ್ಷದ ಕೆಲಸದಲ್ಲಿ ದೊಡ್ಡ ಬಾಯಾರಿಂದಲೂ ಅಂಥ ಬೈಗುಳ ತಿಂದಿರಲಿಲ್ಲ. ಬೈದು ಮುಗಿದ ಮೇಲೆ ಆಯಿ ನನ್ನ ಪಟ್ಟಿಯನ್ನು ತರಿಸಿ ತಿರುಗಿಸಿ ನೋಡಿ, "ಹೊಲಿಗಿ ನೋಡು, ಗೋಣಿಚೀಲ ಹೊಲದಂಗ" ಎಂದು ನನ್ನ ಕಣ್ಣೆದುರೇ ಹೊಲಿಗೆ ಬಿಚ್ಚಿದಳು. ಇನ್ನು ಮೊಮ್ಮಗಳನ್ನು ಕಳಿಸುವುದಿಲ್ಲ ಎಂದೇ ತಿಳಿದು ಹೊರಟುಬಂದೆ.

ಮುಂದಿನ ವರ್ಷ ಜೇವರ್ಗಿಗೆ ಹೊರಡುವ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಸುವರ್ಣಾ ಎಲ್ಲರಿಗಿಂತ ಮೊದಲೇ ಬಂದು ನಿಂತಿದ್ದಳು. ಜೊತೆಗೆ ಕೋಲೂರಿಕೊಂಡು ಆಯಿ. ನನ್ನ ಕೈಗೆ ಒಂದು ಸಣ್ಣ ಗಂಟು ಕೊಟ್ಟಳು. ಬಿಚ್ಚಿದರೆ ಎರಡು ತೋಳಪಟ್ಟಿ. ಕೌದಿಯ ಹಾಗೆ ಒತ್ತೊತ್ತಾಗಿ ಹೊಲಿಗೆ, ಒಳಗೆ ಮೆತ್ತೆ. ಒಂದು ಬಿಳಿ, ಇನ್ನೊಂದು ಹಸಿರು.

"ಹಸಿರದು ಯಾರಿಗ್ರಿ ಆಯಿ?"

"ಆ ಉಗುರು ಕಿತ್ತಕೊಂಡ ಹುಡುಗಿಗೆ. ಆಕಿದು ತಾಯತ ಎಷ್ಟು ಉದ್ದ ಇರ್ತದೋ ನನಗೇನ್ ಗೊತ್ತು? ಸಡಲ ಹೊಲದೀನಿ." ಆಮೇಲೆ ಕೋಲಿನ ತುದಿಯಿಂದ ನನ್ನ ಚೀಲವನ್ನು ತಟ್ಟಿದಳು. "ನೀರು ಎಲ್ಲೈತಿ? ಮೊದಲ ಅದನ್ನ ತೋರ್ಸು."

ತೋರಿಸಿದೆ. ಆಮೇಲೆಯೇ ಅವಳು ಮೊಮ್ಮಗಳ ಕೈ ಬಿಟ್ಟಳು.